ಅಲುಗಾಡಿದಷ್ಟೂ ಗಟ್ಟಿ

ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಹುಟ್ಟುವ ಮೊದಲೇ ಬಲ ಕೂಡಿಸಿಕೊಳ್ಳುವುದು ಹೇಗೆ? ಕೋಳಿಮೊಟ್ಟೆಯ ಚಿಪ್ಪಿಗೆ ಕಿಟಕಿ ಕೊರೆದು ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುವ ಸಂಶೋಧನಾ ವಿದ್ಯಾರ್ಥಿಗಳ ಕೆಲಸ ನಮ್ಮ ಮಕ್ಕಳ ಪಾದಗಳವರೆಗೂ ಬಂದು ಮುಟ್ಟುತ್ತದೆ.

ಕಾವಿಗಿಟ್ಟ ಕೋಳಿಮೊಟ್ಟೆಯೊಳಗೆ ನಾಲ್ಕನೇ ದಿನದ ಹೊತ್ತಿಗೆ ಭ್ರೂಣ ಮೊದಲ ಸಲ ಮಿಸುಕುತ್ತದೆ. ಆಗ ಅದಕ್ಕೆ ಮೂಳೆಯಿಲ್ಲ, ಕಾಲು ಎನ್ನುವಂಥದ್ದೂ ಇಲ್ಲ. ಕಾಲು ಮೂಡಬೇಕಾದ ಕಡೆ ಪುಟ್ಟ ಉಬ್ಬೊಂದು ಇದೆ, ಅಷ್ಟೆ. ನಡೆಯಲು ನೆಲವಿಲ್ಲ, ಕುಕ್ಕಲು ಕಾಳಿಲ್ಲ, ತಪ್ಪಿಸಿಕೊಂಡು ಓಡಬೇಕಾದ ಹದ್ದೂ ಇಲ್ಲ. ಆದರೂ ಮಿಸುಕಾಟ ನಿಲ್ಲುವುದಿಲ್ಲ. ಕಾಲು ಬೆಳೆದು ಕೀಲುಗಳು ಬೇರ್ಪಟ್ಟ ಮೇಲೆ ಅದೇ ಒದೆತವಾಗುತ್ತದೆ. 21ನೇ ದಿನ ಚಿಪ್ಪೊಡೆದು ಹೊರಬಂದ ಮರಿ ಗರಿ ಒಣಗುವಷ್ಟರಲ್ಲಿ ಎದ್ದು ಓಡಾಡುತ್ತದೆ.

ಹುಟ್ಟಿದ ದಿನವೇ ಮೈಭಾರ ಹೊತ್ತು ಓಡುವ ಕಾಲು ಹೇಗೆ ಸಿದ್ಧವಾಯಿತು? ಮೂಳೆ ಮತ್ತು ಸ್ನಾಯುಗಳ ಬೆಳವಣಿಗೆಯನ್ನು ಭ್ರೂಣವಿಜ್ಞಾನಿಗಳು ಬಹಳ ಕಾಲದಿಂದ ನೋಡುತ್ತ ಬಂದಿದ್ದಾರೆ. ಅವೆರಡನ್ನೂ ಬಿಗಿಯುವ ಸ್ನಾಯುರಜ್ಜುವಿನ ಕಡೆಗೆ ಗಮನ ಹರಿದದ್ದು ಮಾತ್ರ ತಡವಾಗಿ. ಹಾಗೆ ನೋಡಿದವರಿಗೆ ಸಿಕ್ಕ ಉತ್ತರ ನಮ್ಮ ಸಾಮಾನ್ಯ ತಿಳಿವಳಿಕೆಯನ್ನು ತಿರುವುಮುರುವು ಮಾಡುತ್ತದೆ. ಮೈ ಪೂರ್ತಿ ಸಿದ್ಧವಾದ ಮೇಲೆ ಚಲನೆ ಶುರುವಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಸ್ನಾಯುರಜ್ಜುವಿನ ಮಟ್ಟಿಗೆ ಚಲನೆಯೇ ಮೊದಲು. ಆ ಚಲನೆಯ ಎಳೆತ ಸಿಕ್ಕರೆ ಮಾತ್ರ ಅದು ಗಟ್ಟಿಯಾಗುತ್ತದೆ.

ಎರಡರ ನಡುವೆ ನಿಂತದ್ದು

ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಬೆರಳುಗಳನ್ನು ಒಂದೊಂದಾಗಿ ಮೇಲೆತ್ತಿ ನೋಡಿ. ಹಿಂಗೈಯಲ್ಲಿ ಗೆರೆಗಳಂತೆ ಎದ್ದು ಕಾಣುವವೇ ಸ್ನಾಯುರಜ್ಜುಗಳು. ಬೆರಳನ್ನು ಎತ್ತುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವೆ. ಅವುಗಳ ಎಳೆತವನ್ನು ಬೆರಳಿನ ಮೂಳೆಯವರೆಗೆ ತಲುಪಿಸುವುದು ಈ ರಜ್ಜುಗಳು. ಹಿಮ್ಮಡಿಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ದಪ್ಪನೆಯ ಪಟ್ಟಿ ಅಕಿಲಿಸ್ ರಜ್ಜು. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ದೊಡ್ಡದೂ ಬಲವಾದದ್ದೂ ಅದೇ. ಫಿನ್ಲೆಂಡಿನ ಪಾವೊ ಕೋಮಿ ಅದರ ಸುತ್ತ ಅಳತೆಯ ಬಕಲನ್ನು ಕೂರಿಸಿ, ಓಡುವಾಗ ಅದರ ಮೇಲೆ ಬೀಳುವ ಎಳೆತವನ್ನು ನೇರವಾಗಿ ಅಳೆದರು. ಅದು ಸುಮಾರು 9,000 ನ್ಯೂಟನ್ ಮುಟ್ಟಿತು, ಅಂದರೆ ಓಟಗಾರನ ಮೈತೂಕದ ಹನ್ನೆರಡು ಪಟ್ಟಿಗಿಂತ ಹೆಚ್ಚು.

ರಜ್ಜುವಿನ ಕೆಲಸ ಎಳೆತ ದಾಟಿಸುವುದಷ್ಟೇ ಅಲ್ಲ. ಪಾದ ನೆಲಕ್ಕೆ ತಾಗಿದಾಗ ಅದು ತುಸು ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ; ಪಾದ ಮೇಲೇಳುವಾಗ ಅದರ ಶೇ 90ಕ್ಕೂ ಹೆಚ್ಚು ಪಾಲನ್ನು ಮರಳಿ ಕೊಡುತ್ತದೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಮ್ಯಾಕ್‌ನೀಲ್ ಅಲೆಗ್ಸಾಂಡರ್ ಮತ್ತು ಅವರ ಸಂಗಡಿಗರು ಕಾಂಗರೂ, ಕುದುರೆ, ಮನುಷ್ಯರ ಓಟವನ್ನು ಈ ಕಣ್ಣಿನಿಂದ ನೋಡಲು ಜಗತ್ತಿಗೆ ಕಲಿಸಿದರು. ಓಟ ನಮಗೆ ಸಾಧ್ಯವಾಗಿರುವುದರಲ್ಲಿ ಈ ಉಳಿತಾಯದ ಪಾಲು ದೊಡ್ಡದು.

ಇಷ್ಟು ದುಡಿಯುವ ಅಂಗಾಂಶ ಹರಿದರೆ ಮಾತ್ರ ಕಷ್ಟ. ರಕ್ತನಾಳಗಳು ಕಡಿಮೆ, ಜೀವಕೋಶಗಳೂ ವಿರಳ. ದೊಡ್ಡವರಲ್ಲಿ ಹರಿದ ರಜ್ಜು ಕೂಡಿಕೊಳ್ಳುತ್ತದೆ ನಿಜ, ಆದರೆ ಕೂಡಿದ ಜಾಗದಲ್ಲಿ ಬೆಳೆಯುವುದು ಕಲೆಗಟ್ಟಿದ, ಎಳೆಗಳು ಅಡ್ಡಾದಿಡ್ಡಿಯಾದ ಅಂಗಾಂಶ. ಅದು ಹಳೆಯ ಬಲಕ್ಕೆ ಮರಳುವುದು ಅಪರೂಪ. ಹಾಗಿದ್ದರೆ ಮೊದಲ ಸಲ ಅದನ್ನು ಸರಿಯಾಗಿ ಕಟ್ಟಿದ ಭ್ರೂಣದ ಬಳಿಯೇ ಹೋಗಿ ಕಲಿಯಬೇಕು ಎನ್ನುವುದು ಈ ಕ್ಷೇತ್ರದವರ ತರ್ಕ.

ಮದ್ರಾಸಿನಲ್ಲಿ ಬಿಡಿಸಿದ ಒಗಟು

ರಜ್ಜುವಿನ ನೀರಿನಂಶ ತೆಗೆದರೆ ಉಳಿಯುವ ತೂಕದಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಪ್ರೋಟೀನಿನದು. ಚರ್ಮ, ಮೂಳೆ, ಮೃದ್ವಸ್ಥಿಗಳಲ್ಲೂ ಅದೇ ಕುಟುಂಬದ ಪ್ರೋಟೀನು ತುಂಬಿದೆ. ಅದರ ಅಣುವಿನ ಆಕಾರ ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕದ್ದು ನಮ್ಮ ನೆರೆಯ ಮದ್ರಾಸಿನಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಹೋದರು. ಆಗಿನ್ನೂ ಅವರಿಗೆ ಮೂವತ್ತು. ಅಲ್ಲಿಗೆ ಭೇಟಿ ಕೊಟ್ಟ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್, ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಎಂದರು. ರಾಮಚಂದ್ರನ್ ಮತ್ತು ಸಹಸಂಶೋಧಕ ಗೋಪಿನಾಥ್ ಕರ್ತಾ ಆ ಸವಾಲನ್ನು ಕೈಗೆತ್ತಿಕೊಂಡರು. ಅವರಿಗೆ ಬೇಕಾಗಿದ್ದುದು ಎಳೆಗಳು ಒಂದೇ ದಿಕ್ಕಿಗೆ ಓರಣವಾಗಿ ಜೋಡಿಸಿಕೊಂಡಿರುವ ಶುದ್ಧ ಕೊಲಾಜೆನ್. ಅದು ಒದಗಿದ್ದು ಅದೇ ಊರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ, ಕಾಂಗರೂ ಬಾಲದ ಸ್ನಾಯುರಜ್ಜುವಿನ ರೂಪದಲ್ಲಿ. ಅದರ ಮೂಲಕ ಎಕ್ಸ್-ರೇ ಹಾಯಿಸಿ ಪಡೆದ ಚಿತ್ರಗಳಿಂದ, ಮೂರು ಸರಪಳಿಗಳು ಒಂದನ್ನೊಂದು ಸುತ್ತಿಕೊಂಡಿರುವ ತ್ರಿಸುರುಳಿ ರಚನೆಯನ್ನು ಅವರು ಕಂಡುಹಿಡಿದರು. 1954 ಮತ್ತು 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಸರಪಳಿಯ ಪ್ರತಿ ಮೂರನೇ ಜಾಗದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೊ ಆಮ್ಲವೇ ಇರುವುದು ಏಕೆಂಬುದೂ ಆಗ ತಿಳಿಯಿತು: ಮೂರು ಸರಪಳಿಗಳ ನಡುವಿನ ಇಕ್ಕಟ್ಟಿನಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಈ ಅಣುವಿನ ಉದ್ದ ಸುಮಾರು 300 ನ್ಯಾನೊಮೀಟರ್, ದಪ್ಪ ಒಂದೂವರೆ ನ್ಯಾನೊಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಇಂಥ ಅಣುಗಳು ಒಂದರ ಪಕ್ಕ ಒಂದು, 67 ನ್ಯಾನೊಮೀಟರಿನಷ್ಟು ಹಿಂದುಮುಂದಾಗಿ ಜೋಡಿಕೊಂಡು ಎಳೆಯಾಗುತ್ತವೆ. ಎಳೆಗಳು ಕಟ್ಟುಗಳಾಗುತ್ತವೆ, ಕಟ್ಟುಗಳು ಸೇರಿ ರಜ್ಜುವಾಗುತ್ತದೆ. ರಾಮಚಂದ್ರನ್ ತೋರಿಸಿಕೊಟ್ಟದ್ದು ಬೆಳೆದ ಪ್ರಾಣಿಯಲ್ಲಿ ಸಿದ್ಧವಾಗಿದ್ದ ಅಣುವನ್ನು. ಏನೂ ಇಲ್ಲದ ಕಡೆ ಆ ಎಳೆಗಳು ಹೇಗೆ ನೆಯ್ದುಕೊಳ್ಳುತ್ತವೆ, ಅವಕ್ಕೆ ಬಲ ಎಲ್ಲಿಂದ ಬರುತ್ತದೆ ಎನ್ನುವುದು ಮುಂದಿನ ತಲೆಮಾರಿನ ಪ್ರಶ್ನೆಯಾಯಿತು.

ಸಂಶೋಧನಾ ವಿದ್ಯಾರ್ಥಿನಿಯ ಮೇಜಿನ ಬಳಿ

ಸ್ನಾಯುರಜ್ಜುವಿನ ಬೆಳವಣಿಗೆಯ ಬಗ್ಗೆ ಪಿಎಚ್‌.ಡಿ. ಮಾಡುವವರ ಕೆಲಸ ಶುರುವಾಗುವುದು ಮೊಟ್ಟೆಯಿಂದ. ಊರು ಯಾವುದಾದರೂ ಕ್ರಮ ಹೆಚ್ಚುಕಡಿಮೆ ಒಂದೇ. ಫಲಿತ ಮೊಟ್ಟೆಗಳನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್ ಶಾಖದ, ತೇವ ತುಂಬಿದ ಕಾವುಪೆಟ್ಟಿಗೆಯಲ್ಲಿ ಇಡುತ್ತಾರೆ. ಮೂರನೇ ದಿನದ ಹೊತ್ತಿಗೆ ಸಿರಿಂಜಿನಿಂದ ಕೆಲವು ಮಿಲಿಲೀಟರ್ ಬಿಳಿಲೋಳೆಯನ್ನು ಹೀರಿ ತೆಗೆಯುತ್ತಾರೆ. ಆಗ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳದೆ ತುಸು ಕೆಳಗಿಳಿಯುತ್ತದೆ. ಆಮೇಲೆ ಚಿಪ್ಪಿನ ಮೇಲ್ಭಾಗದಲ್ಲಿ ಚಿಕ್ಕ ಕತ್ತರಿಯಿಂದ ರೂಪಾಯಿ ನಾಣ್ಯದಗಲದ ಕಿಟಕಿ ಕತ್ತರಿಸಿ, ಪಾರದರ್ಶಕ ಟೇಪು ಅಂಟಿಸಿ ಮತ್ತೆ ಕಾವಿಗಿಡುತ್ತಾರೆ. ಆ ಕಿಟಕಿಯಿಂದ ಭ್ರೂಣದ ಹೃದಯ ಬಡಿಯುವುದು, ಕಾಲು ಆಡುವುದು ಕಣ್ಣಿಗೆ ನೇರವಾಗಿ ಕಾಣುತ್ತದೆ. ಔಷಧದ ಹನಿ ಹಾಕುವುದೂ ಅಲ್ಲಿಂದಲೇ.

ಒಂದೇ ದಿನ ಕಾವಿಗಿಟ್ಟ ಎರಡು ಮೊಟ್ಟೆಗಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ದಿನ ಎಣಿಸಿದರೆ ಸಾಲದು. ವಿಕ್ಟರ್ ಹ್ಯಾಂಬರ್ಗರ್ ಮತ್ತು ಹೊವಾರ್ಡ್ ಹ್ಯಾಮಿಲ್ಟನ್ 1951ರಲ್ಲಿ ಕೋಳಿಭ್ರೂಣದ ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ಗುರುತುಗಳನ್ನು ಬರೆದಿಟ್ಟರು. ಕಾಲ್ಬೆರಳುಗಳ ನಡುವಿನ ಪೊರೆ ಎಷ್ಟು ಕರಗಿದೆ, ರೆಪ್ಪೆ ಎಷ್ಟು ಮುಚ್ಚಿದೆ, ಗರಿಯ ಮೊಳಕೆ ಎಲ್ಲೆಲ್ಲಿ ಎದ್ದಿದೆ, ಮೂರನೇ ಕಾಲ್ಬೆರಳಿನ ಉದ್ದ ಎಷ್ಟು – ಇವನ್ನೆಲ್ಲ ನೋಡಿ ಇಂದಿಗೂ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಭ್ರೂಣಕ್ಕೆ ಹಂತದ ಸಂಖ್ಯೆ ಕೊಡುತ್ತಾರೆ. ಏಳು ದಶಕ ಕಳೆದರೂ ಆ ಪಟ್ಟಿ ಬಳಕೆ ತಪ್ಪಿಲ್ಲ.

ನಿಜವಾದ ಕಷ್ಟ ಅಳತೆಯಲ್ಲಿದೆ. ದೊಡ್ಡ ರಜ್ಜುವಾದರೆ ಎರಡೂ ತುದಿಗಳನ್ನು ಯಂತ್ರದ ಹಿಡಿಗಳಿಗೆ ಸಿಕ್ಕಿಸಿ, ಎಷ್ಟು ಬಲ ಹಾಕಿದರೆ ಎಷ್ಟು ಹಿಗ್ಗುತ್ತದೆ ಎಂದು ನೋಡಬಹುದು. ಅಲ್ಲೂ ಒದ್ದೆ ರಜ್ಜು ಹಿಡಿಯಿಂದ ಜಾರುತ್ತದೆ. ಬಿಗಿಯಾಗಿ ಹಿಡಿದರೆ ಹಿಡಿದಲ್ಲೇ ಜಜ್ಜಿ ಹರಿಯುತ್ತದೆ. ಅದಕ್ಕಾಗಿ ಮೂಳೆಯ ತುಣುಕನ್ನು ಅಂಟಿಕೊಂಡಿರಲು ಬಿಡುತ್ತಾರೆ, ಮರಳುಕಾಗದ ಸುತ್ತುತ್ತಾರೆ, ಹಿಡಿಯನ್ನೇ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡುತ್ತಾರೆ. ಒಣಗಿದರೆ ರಜ್ಜುವಿನ ಗುಣವೇ ಬದಲಾಗುವುದರಿಂದ ಲವಣದ್ರಾವಣದಲ್ಲಿ ನೆನೆಸಿಟ್ಟೇ ಕೆಲಸ ನಡೆಯಬೇಕು. ಹಿಡಿಗಳು ಸರಿದ ದೂರವನ್ನು ರಜ್ಜು ಹಿಗ್ಗಿದ ಉದ್ದವೆಂದು ನಂಬುವಂತಿಲ್ಲ. ರಜ್ಜುವಿನ ಮೇಲೆ ಚುಕ್ಕಿಗಳನ್ನಿಟ್ಟು, ಕ್ಯಾಮೆರಾದಿಂದ ಆ ಚುಕ್ಕಿಗಳ ನಡುವಿನ ಅಂತರವನ್ನೇ ಅಳೆಯಬೇಕು.

ಎಳೆಯ ಭ್ರೂಣದ ರಜ್ಜುವನ್ನು ಹೀಗೆ ಹಿಡಿದು ಎಳೆಯುವುದು ಸಾಧ್ಯವೇ ಇಲ್ಲ. ಅದು ಕೂದಲೆಳೆಯಷ್ಟು ಸಣ್ಣದು, ಮುಟ್ಟಿದರೆ ಕಲಸಿಹೋಗುವಷ್ಟು ಮೆತ್ತಗಿನದು. ಅದನ್ನು ಹೆಪ್ಪುಗಟ್ಟಿಸಿ, ತೆಳುವಾದ ಪದರಗಳಾಗಿ ಸೀಳಿ, ಪರಮಾಣು ಬಲದ ಸೂಕ್ಷ್ಮದರ್ಶಕದ ಅಡಿ ಇಡುತ್ತಾರೆ. ಆ ಯಂತ್ರದಲ್ಲಿ ತೆಳುವಾದ ಪಟ್ಟಿಯೊಂದರ ತುದಿಯಲ್ಲಿ ಅತಿ ಸೂಕ್ಷ್ಮ ಮೊನೆಯಿರುತ್ತದೆ. ಮೊನೆ ಅಂಗಾಂಶವನ್ನು ಮೆಲ್ಲಗೆ ಒತ್ತಿದಾಗ ಪಟ್ಟಿ ಬಾಗುತ್ತದೆ. ಲೇಸರ್ ಕಿರಣ ಆ ಬಾಗುವಿಕೆಯನ್ನು ಓದಿ ಅಂಗಾಂಶದ ಬಿಗಿತನವನ್ನು ತಿಳಿಸುತ್ತದೆ. ಒಂದು ಜಾಗದಲ್ಲಿ ಒತ್ತಿದರೆ ಸಾಲದು. ಒಂದು ಪದರದಲ್ಲಿ ಹಲವು ಜಾಗ, ಒಂದು ರಜ್ಜುವಿನಿಂದ ಹಲವು ಪದರ, ಒಂದು ಹಂತಕ್ಕೆ ಹಲವು ಭ್ರೂಣ – ಇಷ್ಟೆಲ್ಲ ಆದ ಮೇಲೆ ಗ್ರಾಫಿನಲ್ಲಿ ಒಂದು ಬಿಂದು ಮೂಡುತ್ತದೆ. ಅಂಥ ಬಿಂದುಗಳ ಸಾಲೊಂದನ್ನು ಪೂರ್ತಿ ಮಾಡಲು ವರ್ಷಗಳು ಹಿಡಿಯುತ್ತವೆ. ಈ ವಿಷಯದ ಪ್ರೌಢ ಲೇಖನಗಳ ಹಿಂದೆ ಇರುವುದು ಬಹುಪಾಲು ಇಂಥ ವಿದ್ಯಾರ್ಥಿಗಳ ತಾಳ್ಮೆ.

ಕೊಲಾಜೆನ್ ಒಂದರಿಂದಲೇ ಬಲವಲ್ಲ

ಅಳತೆಗಳು ಹೇಳುವುದೇನು? ಕೋಳಿಭ್ರೂಣದ ಕಾಲಿನ ರಜ್ಜು 14ನೇ ದಿನ ಸುಮಾರು 2 ಮೆಗಾಪ್ಯಾಸ್ಕಲ್ ಎಳೆತಕ್ಕೇ ಹರಿಯುತ್ತದೆ ಎಂದು 1988ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮರಿ ಚಿಪ್ಪೊಡೆದು ಬಂದು ಎರಡು ದಿನವಾಗುವಾಗ ಅದೇ ರಜ್ಜು 60 ಮೆಗಾಪ್ಯಾಸ್ಕಲ್ ತಾಳುತ್ತದೆ. ಒಂಬತ್ತು ದಿನಗಳ ಆಸುಪಾಸಿನಲ್ಲಿ ಮೂವತ್ತು ಪಟ್ಟು!

ಈ ಅವಧಿಯಲ್ಲಿ ಎಳೆಗಳು ಉದ್ದವಾಗುತ್ತವೆ. 14ನೇ ದಿನ ಸುಮಾರು 10 ಮೈಕ್ರೊಮೀಟರ್ ಉದ್ದದ ತುಂಡುಗಳಾಗಿದ್ದ ಕೊಲಾಜೆನ್ ಎಳೆಗಳು ಮುಂದಿನ ಕೆಲವೇ ದಿನಗಳಲ್ಲಿ ಒಂದಕ್ಕೊಂದು ಕೂಡಿ ಬಹಳ ಉದ್ದವಾಗುವುದನ್ನು ಡೇವಿಡ್ ಬರ್ಕ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಮ್ಯಾಂಚೆಸ್ಟರಿನ ಕಾರ್ಲ್ ಕ್ಯಾಡ್ಲರ್ ತಂಡ 2004ರಲ್ಲಿ ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದಿತು. ಭ್ರೂಣದ ರಜ್ಜುಕೋಶಗಳು ತಮ್ಮ ಮೈಯಿಂದ ಬೆರಳಿನಂಥ ಚಾಚುಗಳನ್ನು ಹೊರಡಿಸಿ, ಅವುಗಳ ಒಳಗಿಂದ ಹೊಸ ಎಳೆಯನ್ನು ರಜ್ಜುವಿನ ನೇರಕ್ಕೇ ಬಿಡುತ್ತವೆ. ಬೆಳವಣಿಗೆ ಮುಗಿದ ಮೇಲೆ ಆ ಚಾಚುಗಳು ಕಾಣುವುದಿಲ್ಲ. ಕಲೆಗಟ್ಟಿದ ರಜ್ಜುವಿನ ಎಳೆಗಳು ಅಡ್ಡಾದಿಡ್ಡಿಯಾಗುವುದು ಏಕೆಂದು ಯೋಚಿಸುವವರಿಗೆ ಇದೊಂದು ಮುಖ್ಯ ಸುಳಿವು.

ಬಲಕ್ಕೆ ಇನ್ನೊಂದು ಕಾರಣವನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಕ್ಯಾಥರೀನ್ ಕುವೊ ಅವರ ತಂಡ 2013ರಲ್ಲಿ ಮುಂದಿಟ್ಟಿತು. ಕೋಳಿಭ್ರೂಣದ ಹಿಮ್ಮಡಿ ರಜ್ಜುವನ್ನು ಹಂತಹಂತವಾಗಿ ಪರಮಾಣು ಬಲದ ಸೂಕ್ಷ್ಮದರ್ಶಕದಲ್ಲಿ ಒತ್ತಿ ನೋಡಿದಾಗ, ಬಿಗಿತನ ಏರುತ್ತ ಹೋಯಿತು. ಆದರೆ ಕೊಲಾಜೆನ್ನಿನ ಪ್ರಮಾಣದಿಂದ ಆ ಏರಿಕೆಯನ್ನು ವಿವರಿಸಲಾಗಲಿಲ್ಲ. ಹೊಂದಿಕೆಯಾದದ್ದು ಅಣುಗಳ ನಡುವಿನ ಅಡ್ಡಬೆಸುಗೆಗಳು. ಪುಂಡಿ ನಾರಿನ ಹೊರೆ ಎಷ್ಟೇ ದೊಡ್ಡದಿರಲಿ, ಹುರಿ ಮಾಡದೆ ಅದರಿಂದ ಎತ್ತು ಕಟ್ಟಲು ಆಗುವುದಿಲ್ಲ. ನಾರು ನಾರನ್ನು ಬಿಗಿಯಾಗಿ ಹಿಡಿದಾಗಲೇ ಅದು ಹಗ್ಗ. ಕೊಲಾಜೆನ್ ಅಣುಗಳನ್ನು ಹೀಗೆ ಒಂದಕ್ಕೊಂದು ಹಿಡಿಸುವುದು ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ. ಅದು ತಾಮ್ರವಿಲ್ಲದೆ ಕೆಲಸ ಮಾಡದು.

ಅಡ್ಡಬೆಸುಗೆಯೇ ಕಾರಣವೆಂದು ಖಚಿತಪಡಿಸಲು ಅದನ್ನು ತಡೆದು ನೋಡಬೇಕು. ತಡೆಯುವ ವಸ್ತು ಸಿಗುವುದು ಹೂದೋಟದಲ್ಲಿ ಬೆಳೆಸುವ ಸ್ವೀಟ್ ಪೀ ಬೀಜದಲ್ಲಿ. ಆ ಬೀಜ ತಿಂದ ಇಲಿಗಳ ಮೂಳೆಗಳು ವಿಕಾರವಾಗುವುದನ್ನು 1930ರ ದಶಕದಲ್ಲೇ ಗಮನಿಸಲಾಗಿತ್ತು. ಅದರ ವಿಷಾಂಶ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ ಎನ್ನುವುದು ಆಮೇಲೆ ತಿಳಿಯಿತು. ಅದೇ ರಾಸಾಯನಿಕವನ್ನು ಮೊಟ್ಟೆಯ ಕಿಟಕಿಯಿಂದ ಭ್ರೂಣಕ್ಕೆ ಕೊಟ್ಟಾಗ ಕೊಲಾಜೆನ್ ಇದ್ದಷ್ಟೇ ಇತ್ತು, ಬಿಗಿತನ ಮಾತ್ರ ಕುಸಿಯಿತು.

ಮಿಸುಕದೆ ಹೋದರೆ

ಹಾಗಾದರೆ ಬೆಸುಗೆ ಹಾಕಲು ಹೇಳುವವರು ಯಾರು? ಇಲ್ಲಿಗೆ ಮಿಸುಕಾಟ ಬರುತ್ತದೆ.

ಡೇನಿಯಲ್ ಡ್ರಾಕ್‌ಮನ್ ಮತ್ತು ಆಲ್ಫ್ರೆಡ್ ಕುಲಾಂಬ್ರ್ 1962ರಲ್ಲಿ ಮೊಟ್ಟೆಯೊಳಗಿನ ಭ್ರೂಣಗಳಿಗೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ಕೊಟ್ಟು ನೋಡಿದರು. ಮರಿಗಳ ಕೀಲುಗಳು ಸೆಟೆದು, ಪಾದಗಳು ತಿರುಚಿಕೊಂಡವು. ಸ್ನಾಯುವೇ ಬೆಳೆಯದಂತೆ ಮಾಡಿದ ರೆಕ್ಕೆಯಲ್ಲಿ ಸ್ನಾಯುರಜ್ಜು ಏನಾಗುತ್ತದೆ ಎಂದು 1970ರ ದಶಕದಲ್ಲಿ ಇತರರು ಪರೀಕ್ಷಿಸಿದರು. ರಜ್ಜುವಿನ ಮೊದಲ ಕುರುಹು ಸ್ನಾಯುವಿಲ್ಲದೆಯೂ ಮೂಡಿತು, ಆದರೆ ಉಳಿಯಲಿಲ್ಲ, ಎಳೆಯುವವರಿಲ್ಲದೆ ಕರಗಿಹೋಯಿತು.

2018ರಲ್ಲಿ ಕುವೊ ತಂಡ, ಆಗ ರೋಚೆಸ್ಟರಿನಲ್ಲಿ, ಈ ಎರಡು ಎಳೆಗಳನ್ನು ಒಟ್ಟಿಗೆ ತಂದಿತು. ಒಂದಿಷ್ಟು ಭ್ರೂಣಗಳನ್ನು ನಿಶ್ಚಲಗೊಳಿಸಿದರು, ಇನ್ನೊಂದಿಷ್ಟು ಹೆಚ್ಚು ಒದೆಯುವಂತೆ ಮಾಡಿದರು. ನಿಶ್ಚಲ ಭ್ರೂಣಗಳ ಹಿಮ್ಮಡಿ ರಜ್ಜು ಮೆತ್ತಗಾಯಿತು, ಅವುಗಳಲ್ಲಿ ಲೈಸಿಲ್ ಆಕ್ಸಿಡೇಸಿನ ಚಟುವಟಿಕೆಯೂ ತಗ್ಗಿತು. ಹೆಚ್ಚು ಒದೆದವುಗಳ ರಜ್ಜು ಇನ್ನಷ್ಟು ಬಿಗಿಯಾಯಿತು. ಹೆಚ್ಚು ಒದೆಯುವ ಭ್ರೂಣಗಳಿಗೇ ಕಿಣ್ವ ತಡೆಯುವ ರಾಸಾಯನಿಕ ಕೊಟ್ಟಾಗ ಆ ಲಾಭ ಇಲ್ಲವಾಯಿತು. ಒದೆತ ಕಿಣ್ವವನ್ನು ಚುರುಕುಗೊಳಿಸುತ್ತದೆ, ಕಿಣ್ವ ಬೆಸುಗೆ ಹಾಕುತ್ತದೆ, ಬೆಸುಗೆ ಬಲ ಕೊಡುತ್ತದೆ ಎಂಬ ಸರಣಿ ಹೀಗೆ ಕಣ್ಣಿಗೆ ಕಟ್ಟಿತು.

ಮನುಷ್ಯರ ಮಾತೂ ಇದಕ್ಕೆ ದೂರವಲ್ಲ. ಗರ್ಭದಲ್ಲಿನ ಮಗು ಎಂಟನೇ ವಾರದ ಹೊತ್ತಿಗೇ ಮಿಸುಕುತ್ತದೆ. ತಾಯಿಗೆ ಅದು ಗೊತ್ತಾಗುವುದು ನಾಲ್ಕೈದು ತಿಂಗಳಾದಾಗ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನೀವ್ ನೌಲನ್ ತಂಡ ಎಂಆರ್‌ಐ ಚಿತ್ರಗಳ ನೆರವಿನಿಂದ ಮಗುವಿನ ಒದೆತದ ಬಲವನ್ನು ಲೆಕ್ಕ ಹಾಕಿತು. 20ನೇ ವಾರ ಸುಮಾರು 29 ನ್ಯೂಟನ್, 30ನೇ ವಾರ 47 ನ್ಯೂಟನ್. ಗರ್ಭದೊಳಗೆ ಜಾಗ ಇಕ್ಕಟ್ಟಾಗುವ 35ನೇ ವಾರಕ್ಕೆ 17 ನ್ಯೂಟನ್. ಯಾವುದೋ ಕಾರಣಕ್ಕೆ ಗರ್ಭದಲ್ಲಿ ಚಲನೆ ಬಹಳ ಕುಗ್ಗಿದ ಮಕ್ಕಳು ಹುಟ್ಟುವಾಗ ಹಲವು ಕೀಲುಗಳು ಮಡಚಿಕೊಂಡು ಬಿಗಿದಿರುವುದನ್ನು ವೈದ್ಯರು ಕಾಣುತ್ತಾರೆ. ತಾಯಂದಿರು ಸಂಭ್ರಮದಿಂದ ಹೊಟ್ಟೆ ಮುಟ್ಟಿ ತೋರಿಸುವ ಆ ಒದೆತ ಮಗುವಿನ ಕೈಕಾಲು ಕಟ್ಟುವ ಕೆಲಸದ ಭಾಗ.

ಎಳೆತ ತಿಳಿಯುವ ಕೋಶ

ಎಳೆತವಾಗುತ್ತಿದೆ ಎನ್ನುವುದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಮೊದಲು ಆ ಕೋಶ ಯಾವುದೆಂದು ಗುರುತಿಸಬೇಕಲ್ಲ. 2001ರವರೆಗೆ ಅದೇ ತೊಡಕಾಗಿತ್ತು. ಬೆಳೆಯುತ್ತಿರುವ ಕಾಲಿನಲ್ಲಿ ಮುಂದೆ ಸ್ನಾಯುರಜ್ಜುವಾಗುವ ಕೋಶಗಳು ನೆರೆಹೊರೆಯ ಕೋಶಗಳಿಂದ ಬೇರೆಯಾಗಿ ಕಾಣುತ್ತಿರಲಿಲ್ಲ. ಆ ವರ್ಷ ಹಾರ್ವರ್ಡಿನಲ್ಲಿದ್ದ ರೋನೆನ್ ಶ್ವೈಟ್ಸರ್, ಕ್ಲಿಫ್ ಟೇಬಿನ್ ಮತ್ತು ಸಂಗಡಿಗರು ಸ್ಕ್ಲೆರಾಕ್ಸಿಸ್ ಎಂಬ ಜೀನ್ ಆ ಕೋಶಗಳಲ್ಲಿ ಮೊದಲಿನಿಂದಲೇ ಚಾಲೂ ಆಗಿರುತ್ತದೆ ಎಂದು ತೋರಿಸಿದರು. ಈ ಗುರುತು ಸಿಕ್ಕ ಮೇಲೆ ಕ್ಷೇತ್ರ ಚಿಗುರಿತು. ಆ ಜೀನ್ ಇಲ್ಲದ ಇಲಿಗಳಲ್ಲಿ ಬಲ ದಾಟಿಸುವ ದೊಡ್ಡ ರಜ್ಜುಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ ಎನ್ನುವುದು 2007ರಲ್ಲಿ ತಿಳಿಯಿತು. 2015ರಲ್ಲಿ ಇನ್ನೊಂದು ನವಿರಾದ ಸಂಗತಿ ಹೊರಬಂತು: ಬೆರಳಿಗೆ ಹೋಗುವ ಒಂದೇ ಉದ್ದ ರಜ್ಜುವಿನಲ್ಲಿ ಅಂಗೈಯೊಳಗಿನ ಭಾಗ ಸ್ನಾಯುವಿನ ನೆರವಿಲ್ಲದೆ ಮೂಡುತ್ತದೆ, ಮುಂಗೈಯ ಭಾಗಕ್ಕೆ ಸ್ನಾಯು ಬೇಕೇಬೇಕು.

ಎಳೆತವನ್ನು ಗ್ರಹಿಸುವ ಸಾಧನಗಳಲ್ಲಿ ಒಂದರ ಹೆಸರು ಪೀಜೊ1. ಕೋಶದ ಪೊರೆಯಲ್ಲಿ ಕೂತಿರುವ ಈ ಪ್ರೋಟೀನು ಒತ್ತಡ ಬಿದ್ದಾಗ ತೆರೆದುಕೊಂಡು ಕ್ಯಾಲ್ಸಿಯಂ ಮೊದಲಾದ ವಿದ್ಯುದಂಶಗಳನ್ನು ಒಳಬಿಡುತ್ತದೆ. 2010ರಲ್ಲಿ ಇದನ್ನು ಕಂಡುಹಿಡಿದ ತಂಡದ ನಾಯಕ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಸಂದಿತು. ಅದೇ ವರ್ಷ ಜ್ಯೂರಿಕ್ಕಿನ ಸಂಶೋಧಕರು ಕೊಲಾಜೆನ್ ಎಳೆಗಳು ಒಂದರ ಮೇಲೊಂದು ಜಾರುವಾಗಿನ ತಿಕ್ಕಾಟವನ್ನು ರಜ್ಜುಕೋಶಗಳು ಪೀಜೊ1 ಮೂಲಕ ಅರಿಯುತ್ತವೆ ಎಂದು ತೋರಿಸಿದರು. ಪೀಜೊ1 ಹೆಚ್ಚು ಚುರುಕಾಗಿರುವ ಇಲಿಗಳ ರಜ್ಜು ಹೆಚ್ಚು ಬಿಗಿ. ಅದಕ್ಕೆ ಕಾರಣವೆಂದು ಅವರು ಬೊಟ್ಟು ಮಾಡಿದ್ದು ಮತ್ತೆ ಅಡ್ಡಬೆಸುಗೆಗಳ ಕಡೆಗೇ. ಆಫ್ರಿಕಾ ಮೂಲದ ಜನರಲ್ಲಿ ಸಾಮಾನ್ಯವಾಗಿರುವ ಪೀಜೊ1ರ ಒಂದು ಚುರುಕು ರೂಪವನ್ನು ಹೊಂದಿದವರು ಜಿಗಿತದ ಪರೀಕ್ಷೆಯಲ್ಲಿ ಸರಾಸರಿ ಶೇ 13ರಷ್ಟು ಮುಂದಿದ್ದರು. ಮೊಟ್ಟೆಯೊಳಗೆ ಕಂಡ ನಿಯಮದ ಎಳೆ ಕ್ರೀಡಾಂಗಣದವರೆಗೆ ಚಾಚಿಕೊಂಡಿದೆ.

ಹದಿನೇಳರ ಗಡಿ

ಬೆಳವಣಿಗೆಯ ಕಾಲಕ್ಕೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ಬಂದದ್ದು ಅಣುಬಾಂಬಿನ ಬೂದಿಯಿಂದ. 1955ರಿಂದ 1963ರವರೆಗೆ ತೆರೆದ ವಾತಾವರಣದಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಏಕಾಏಕಿ ಏರಿ, ಆಮೇಲೆ ನಿಧಾನವಾಗಿ ಇಳಿಯಿತು. ಗಿಡಗಳ ಮೂಲಕ, ಆಹಾರದ ಮೂಲಕ ಅದು ಎಲ್ಲರ ಮೈ ಸೇರಿತು. ಒಂದು ಅಂಗಾಂಶದಲ್ಲಿನ ಇಂಗಾಲ-14 ಅಳೆದರೆ ಅದು ಯಾವ ವರ್ಷಗಳಲ್ಲಿ ರೂಪುಗೊಂಡಿತೆಂದು ಹೇಳಬಹುದು. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಹೀಗೆ ಅಕಿಲಿಸ್ ರಜ್ಜುವಿನ ಒಳತಿರುಳನ್ನು ಪರೀಕ್ಷಿಸಿದರು. ಮನುಷ್ಯನ ಬದುಕಿನ ಮೊದಲ ಸುಮಾರು 17 ವರ್ಷಗಳಲ್ಲಿ ಕಟ್ಟಿದ ತಿರುಳೇ ಕೊನೆಯವರೆಗೂ ಉಳಿದಿತ್ತು. ಅವರೇ ಪರೀಕ್ಷಿಸಿದ ಸ್ನಾಯುವಿನ ಅಂಗಾಂಶ ಮಾತ್ರ ಬದುಕಿನುದ್ದಕ್ಕೂ ಹೊಸದಾಗುತ್ತಲೇ ಇತ್ತು.

ಅಂದರೆ ಎಪ್ಪತ್ತರ ಅಜ್ಜ ಬೆಳಗಿನ ವಾಕಿಂಗಿಗೆ ಹೊರಟಾಗ ಅವರ ಹಿಮ್ಮಡಿಯ ತಿರುಳಲ್ಲಿ ದುಡಿಯುತ್ತಿರುವುದು ಬಹುಪಾಲು ಬಾಲ್ಯದಲ್ಲಿ, ಹರೆಯದಲ್ಲಿ ಕಟ್ಟಿದ ಕೊಲಾಜೆನ್. ದೊಡ್ಡವರಾದ ಮೇಲೆ ವ್ಯಾಯಾಮ ವ್ಯರ್ಥ ಎಂದು ಇದರ ಅರ್ಥವಲ್ಲ. ಕ್ರಮವಾದ ಭಾರದ ವ್ಯಾಯಾಮದಿಂದ ವಯಸ್ಕರ ರಜ್ಜು ಬಿಗಿಯಾಗುವುದನ್ನು ಬೇರೆ ಅಧ್ಯಯನಗಳು ಕಂಡಿವೆ. ನೋವು ತಿನ್ನುವ ರಜ್ಜುವಿಗೆ ಫಿಸಿಯೊಥೆರಪಿಯಲ್ಲಿ ಭಾರ ಕೊಟ್ಟು ಮಾಡಿಸುವ ಕಸರತ್ತೇ ಇಂದು ಮುಖ್ಯ ಚಿಕಿತ್ಸೆ. ಆದರೆ ತಿರುಳನ್ನು ಕಟ್ಟುವ ಅವಕಾಶ ಒಂದೇ ಸಲ ಬರುತ್ತದೆ.

ವಾಸಿಯಾಗುವ ಬಗೆಯಲ್ಲೂ ಇದೇ ಭೇದ ಕಾಣುತ್ತದೆ. ಗರ್ಭದಲ್ಲಿರುವ ಕುರಿಮರಿಯ ಗಾಯಗೊಂಡ ರಜ್ಜು ಕಲೆಯಿಲ್ಲದೆ ಕೂಡುತ್ತದೆ ಎಂದು ಪೆನ್ಸಿಲ್ವೇನಿಯಾದ ಸಂಶೋಧಕರು 2003ರಲ್ಲಿ ಕಂಡರು. ಈಗಷ್ಟೇ ಹುಟ್ಟಿದ ಇಲಿಮರಿಯಲ್ಲಿ ಕತ್ತರಿಸಿದ ರಜ್ಜು ರಜ್ಜುವಾಗಿಯೇ ಮತ್ತೆ ಬೆಳೆಯುತ್ತದೆ, ಬೆಳೆದ ಇಲಿಯಲ್ಲಿ ಕಲೆಗಟ್ಟುತ್ತದೆ ಎಂದು ನ್ಯೂಯಾರ್ಕಿನಲ್ಲಿ ಆಲಿಸ್ ಹುವಾಂಗ್ ತಂಡ 2017ರಲ್ಲಿ ತೋರಿಸಿತು. ಎಳೆತನದ ಈ ಶಕ್ತಿಯನ್ನು ದೊಡ್ಡವರ ರಜ್ಜುವಿನಲ್ಲಿ ಮತ್ತೆ ಎಬ್ಬಿಸಬಹುದೇ ಎನ್ನುವುದು ಇಂದಿನ ಸಂಶೋಧನಾ ವಿದ್ಯಾರ್ಥಿಗಳ ಮುಂದಿರುವ ದೊಡ್ಡ ಪ್ರಶ್ನೆ.

ಪುಟ್ಟ ಪಾದಗಳಿಗೆ ಇದರಿಂದೇನು?

ಪ್ರತಿ ಸಾವಿರ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಒಂದು ಮಗು ಒಳಕ್ಕೆ ತಿರುಚಿದ ಪಾದದೊಂದಿಗೆ ಹುಟ್ಟುತ್ತದೆ. ಸೊಟ್ಟ ಪಾದ ಎಂದು ಜನ, ಕ್ಲಬ್‌ಫೂಟ್ ಎಂದು ವೈದ್ಯರು ಕರೆಯುತ್ತಾರೆ. ಗ್ರಹಣ ಹಿಡಿದಾಗ ತಾಯಿ ಹೊರಗೆ ಬಂದಳೆಂದು ಅವಳನ್ನು ದೂರುವ ಮನೆಗಳು ಇನ್ನೂ ಇವೆ. ತಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ.

ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ದುಡಿದ ಇಗ್ನಾಸಿಯೊ ಪೊನ್ಸೆಟಿ ಇದಕ್ಕೆ ರೂಪಿಸಿದ ಚಿಕಿತ್ಸೆ ಎಳೆಯ ಅಂಗಾಂಶದ ಗುಣವನ್ನೇ ನೆಚ್ಚಿಕೊಂಡಿದೆ. ಹುಟ್ಟಿದ ಕೆಲವೇ ವಾರಗಳಲ್ಲಿ ವೈದ್ಯರು ಮಗುವಿನ ಪಾದವನ್ನು ಕೈಯಿಂದ ಮೆಲ್ಲಗೆ ಸರಿದಾರಿಗೆ ತಂದು ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಇನ್ನಷ್ಟು ತಿದ್ದಿ, ಹೊಸ ಪ್ಲಾಸ್ಟರ್ ಹಾಕುತ್ತಾರೆ. ಐದಾರು ವಾರಗಳಲ್ಲಿ ಪಾದ ನೇರವಾಗುತ್ತದೆ. ಹಿಮ್ಮಡಿ ಮಾತ್ರ ಮೇಲಕ್ಕೇ ಬಿಗಿದಿರುತ್ತದೆ. ಆಗ ಬಹುತೇಕ ಮಕ್ಕಳಲ್ಲಿ ಚರ್ಮದ ಸಣ್ಣ ಗಾಯದ ಮೂಲಕವೇ ಅಕಿಲಿಸ್ ರಜ್ಜುವನ್ನು ಪೂರ್ತಿ ಕತ್ತರಿಸಿ, ಮೂರು ವಾರ ಪ್ಲಾಸ್ಟರಿನಲ್ಲಿಡುತ್ತಾರೆ. ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ರಜ್ಜು ಬೇಕಾದ ಉದ್ದಕ್ಕೆ ಮತ್ತೆ ಬೆಳೆದು ಕೂಡಿರುತ್ತದೆ. ದೊಡ್ಡವರಲ್ಲಿ ತಿಂಗಳುಗಟ್ಟಲೆ ಕಾಡುವ ಅದೇ ಗಾಯ ಕೂಸಿನಲ್ಲಿ ಮೂರು ವಾರದ ಮಾತು.

ಆಮೇಲಿನ ಕೆಲಸ ತಂದೆತಾಯಿಯದು. ಎರಡು ಶೂಗಳನ್ನು ಅಡ್ಡಪಟ್ಟಿಯಿಂದ ಜೋಡಿಸಿದ ಬ್ರೇಸನ್ನು ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ದಿನವಿಡೀ, ಆನಂತರ ಮಗುವಿಗೆ ನಾಲ್ಕು ವರ್ಷವಾಗುವವರೆಗೆ ನಿದ್ದೆಯ ಹೊತ್ತಿನಲ್ಲಿ ತೊಡಿಸಬೇಕು. ಪಾದ ನೋಡಲು ಸರಿಯಾಯಿತು ಎಂದು ನಡುವೆ ಬ್ರೇಸ್ ಬಿಡುವುದರಿಂದಲೇ ಹೆಚ್ಚಿನ ಮಕ್ಕಳ ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಬೆಳೆಯುವ ರಜ್ಜು ತನ್ನ ಮೇಲೆ ಬೀಳುವ ಎಳೆತಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬುದನ್ನು ತಿಳಿದವರು ಆ ತಪ್ಪು ಮಾಡಲಾರರು. ಕೇಂದ್ರ ಸರ್ಕಾರ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಕ್ಲಬ್‌ಫೂಟ್ ಇದೆ. ಆಶಾ ಕಾರ್ಯಕರ್ತೆಯನ್ನೋ ಸರ್ಕಾರಿ ಆಸ್ಪತ್ರೆಯನ್ನೋ ಮೊದಲ ವಾರಗಳಲ್ಲೇ ಕಂಡರೆ ದಾರಿ ಸಿಗುತ್ತದೆ.

ಕೋಳಿಭ್ರೂಣದ ಕಾಲನ್ನು ಒತ್ತಿ ನೋಡುವುದರಿಂದ ಯಾರಿಗೇನು ಲಾಭ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕಾಂಗರೂ ಬಾಲದ ರಜ್ಜುವಿಗೆ ಎಕ್ಸ್-ರೇ ಹಾಯಿಸಿದವರಿಗೂ ಅದೇ ಪ್ರಶ್ನೆ ಎದುರಾಗಬಹುದಿತ್ತು. ಇಂದು ಮೂಳೆ, ಚರ್ಮ, ರಜ್ಜುಗಳ ಯಾವ ಕಾಯಿಲೆಯ ಅಧ್ಯಯನವೂ ಆ ತ್ರಿಸುರುಳಿಯನ್ನು ಬಿಟ್ಟು ಮುಂದೆ ಹೋಗಲಾರದು. ಇಂಥ ಕೆಲಸಕ್ಕೆ ಬೇಕಾದದ್ದು ವರ್ಷಗಟ್ಟಲೆ ಒಂದೇ ಪ್ರಶ್ನೆಯ ಹಿಂದೆ ಬೀಳುವ ಯುವಜನ, ಅವರ ಸಂಶೋಧನಾ ವೇತನ ತಪ್ಪದಂತೆ ನೋಡಿಕೊಳ್ಳುವ ಸಂಸ್ಥೆಗಳು, ಫಲಕ್ಕೆ ಅವಸರಪಡದ ಸಮಾಜ. ನಮ್ಮೂರಿನ ವಿಜ್ಞಾನ ಪದವೀಧರೆಯೊಬ್ಬಳು ಮನೆಗೆ ಬಂದು, ತಾನು ಭ್ರೂಣದ ಸ್ನಾಯುರಜ್ಜುವಿನ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದರೆ, ಕೆಲಸ ಯಾವಾಗ ಸಿಗುತ್ತದೆ ಎಂದು ಕೇಳುವ ಮೊದಲು, ಏನನ್ನು ಅಳೆಯುತ್ತೀ ಎಂದು ಕೇಳೋಣ. ಆ ಅಳತೆಗಳಿಂದಲೇ ಮುಂದೊಂದು ದಿನ ಹರಿದ ರಜ್ಜುವನ್ನು ಕಲೆಯಿಲ್ಲದೆ ಕೂಡಿಸುವ ಚಿಕಿತ್ಸೆ ಬರಬೇಕಾಗಿದೆ.